ಮನೆಯಲ್ಲೇ ಕೊಬ್ಬು ಕಾಯಿಸುವುದು: ಬಣ್ಣ, ವಾಸನೆ, ಬಾಳಿಕೆ ಎಲ್ಲಾ ನೀರಿನ ಕೈಯಲ್ಲಿದೆ

ಪ್ರಶ್ನೆ: ಮಾಂಸದ ಜೊತೆ ಬರುವ ಕೊಬ್ಬನ್ನು ಎಸೆಯಲು ಮನಸ್ಸಾಗದೆ ಮನೆಯಲ್ಲೇ ಕಾಯಿಸಿ ಇಡಲು ಶುರು ಮಾಡಿದ್ದೇನೆ. ಹಂದಿ ಕೊಬ್ಬು ಪ್ರತಿ ಸಲ ಕಂದು ಬಣ್ಣಕ್ಕೆ ತಿರುಗಿ ಹುರಿದ ಮಾಂಸದ ವಾಸನೆ ಹೊಡೆಯುತ್ತದೆ. ಕುರಿ ಕೊಬ್ಬು ಬೆಳ್ಳಗೆ ಚೆನ್ನಾಗಿ ಬಂತು, ಆದರೆ ಅದರಲ್ಲಿ ಮಾಡಿದ ಅಡುಗೆ ತಿಂದರೆ ಬಾಯೆಲ್ಲಾ ಮೇಣ ಮೆತ್ತಿಕೊಂಡ ಹಾಗಾಗುತ್ತದೆ. ಒಂದು ಬಾಟಲಿಯಂತೂ ಕೆಲವೇ ವಾರಕ್ಕೆ ಕಮಟು ಹಿಡಿಯಿತು. ಸರಿಯಾಗಿ ಕಾಯಿಸುವುದು ಹೇಗೆ? ದಿನಾ ಅಡುಗೆಗೆ ಬಳಸಬಹುದೇ? ಸೋಸಿದ ಮೇಲೆ ಉಳಿಯುವ ಚೂರುಗಳನ್ನು ಏನು ಮಾಡಬೇಕು?

ಉತ್ತರ: ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡಕ್ಕೆ ನೀರೇ ಕಾರಣ ಇರಬೇಕು. ಹಂದಿ ಕೊಬ್ಬಿನಲ್ಲಿ ನೀರು ಮುಗಿದ ಮೇಲೂ ಪಾತ್ರೆ ಒಲೆಯ ಮೇಲೇ ಇತ್ತು. ಕಮಟು ಹಿಡಿದ ಬಾಟಲಿಯಲ್ಲಿ ನೀರು ಪೂರ್ತಿ ಮುಗಿಯುವ ಮೊದಲೇ ನೀವು ಇಳಿಸಿದ್ದೀರಿ. ಕುರಿ ಕೊಬ್ಬಿನದು ಬೇರೆ ವಿಷಯ. ಅಲ್ಲಿ ನೀವು ಕಾಯಿಸಿದ್ದರಲ್ಲಿ ತಪ್ಪೇನೂ ಇಲ್ಲ, ಬಳಸುವ ರೀತಿ ಬದಲಾದರೆ ಸಾಕು.

ಹಸಿ ಕೊಬ್ಬಿನ ತುಂಡು ಬರೀ ಕೊಬ್ಬಲ್ಲ. ಲೆಕ್ಕವಿಲ್ಲದಷ್ಟು ಸಣ್ಣ ಜೀವಕೋಶಗಳಲ್ಲಿ ಕೊಬ್ಬಿನ ಹನಿ ತುಂಬಿಕೊಂಡಿರುತ್ತದೆ. ಆ ಕೋಶಗಳನ್ನು ಕೊಲಾಜನ್ ಅನ್ನುವ ಪ್ರೋಟೀನಿನ ತೆಳು ಪೊರೆ ಹಿಡಿದಿಟ್ಟಿರುತ್ತದೆ. ಇದರ ಜೊತೆ ನೀರು, ಒಂದಿಷ್ಟು ರಕ್ತ, ಅಲ್ಲಲ್ಲಿ ಮಾಂಸದ ಎಳೆ. ಕಾಯಿಸುವಾಗ ಪೊರೆ ಒಡೆದು ಕೊಬ್ಬು ಹೊರಗೆ ಬರಬೇಕು, ನೀರು ಆವಿಯಾಗಿ ಹೋಗಬೇಕು, ಉಳಿದ ಪ್ರೋಟೀನು ಸೀಯುವುದಕ್ಕೆ ಮೊದಲು ಸೋಸಿ ಮುಗಿಸಬೇಕು. ಬೆಣ್ಣೆ ಕಾಯಿಸಿ ತುಪ್ಪ ಮಾಡುವುದೂ ಇದೇ ಕೆಲಸ. ತುಪ್ಪದ ಹದ ಹಿಡಿಯಲು ಬಲ್ಲವರಿಗೆ ಇದು ಅರ್ಧ ಗೊತ್ತಿದ್ದ ಹಾಗೆ.

ಪಾತ್ರೆಯಲ್ಲಿ ನೀರು ಇರುವಷ್ಟು ಹೊತ್ತು ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತಿರುತ್ತದೆ. ನಾವು ಕೊಡುವ ಶಾಖವೆಲ್ಲಾ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ನೀರು ಮುಗಿದ ಕೂಡಲೇ ಬಿಸಿ ಸರಸರ ಏರುತ್ತದೆ. 140 ಡಿಗ್ರಿ ಸುಮಾರಿಗೆ ಪ್ರೋಟೀನು ಜೋರಾಗಿ ಕಂದು ತಿರುಗಲು ಶುರು. ಆಗ ಬರುವುದೇ ನೀವು ಹೇಳಿದ ಹುರಿದ ಮಾಂಸದ ವಾಸನೆ. ಅದು ಕೆಟ್ಟದ್ದಲ್ಲ. ಸೊಪ್ಪು, ಕಾಳು, ಆಲೂಗಡ್ಡೆಗೆ ಆ ರುಚಿ ಸೊಗಸಾಗಿ ಹೊಂದುತ್ತದೆ. ಆದರೆ ಸಿಹಿ ತಿಂಡಿಗೋ ಹಿಟ್ಟಿಗೋ ಹಾಕಿದರೆ ಎದ್ದು ಹೊಡೆಯುತ್ತದೆ. ಬೆಳ್ಳಗಿನ, ವಾಸನೆ ಇಲ್ಲದ ಕೊಬ್ಬು ಬೇಕಿದ್ದರೆ ಏರಿಕೆ ಶುರುವಾಗುವ ಆ ಹೊತ್ತನ್ನು ಹಿಡಿಯಬೇಕು. ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು ಕೊಬ್ಬಿನ ಆಯ್ಕೆ ನೋಡೋಣ, ಯಾಕೆಂದರೆ ಅಲ್ಲಿ ಎಡವಿದರೆ ಒಲೆಯ ಮುಂದೆ ಎಷ್ಟು ಜೋಪಾನ ಮಾಡಿದರೂ ಪ್ರಯೋಜನ ಇಲ್ಲ.

ಒಂದೇ ಪ್ರಾಣಿಯ ದೇಹದಲ್ಲಿ ಎಲ್ಲಾ ಕಡೆಯ ಕೊಬ್ಬೂ ಒಂದೇ ಥರ ಇರುವುದಿಲ್ಲ. ಕಿಡ್ನಿಯ ಸುತ್ತ ಇರುವ ಒಳಗೊಬ್ಬು ಎಲ್ಲಕ್ಕಿಂತ ಶುದ್ಧ. ಅದರಲ್ಲಿ ಮಾಂಸದ ಎಳೆ ಕಡಿಮೆ, ನೀರು ಕಡಿಮೆ, ಗಟ್ಟಿತನ ಜಾಸ್ತಿ. ಹಂದಿಯದಾದರೆ ಹಾಳೆಯ ಹಾಗೆ ಬಿಡಿಸಿಕೊಳ್ಳಬಹುದು. ಕುರಿ, ದನದ್ದಾದರೆ ಬೆರಳಲ್ಲಿ ಹಿಚುಕಿದರೆ ಪುಡಿಪುಡಿಯಾಗಿ ಉದುರುತ್ತದೆ. ಅತ್ಯಂತ ಬೆಳ್ಳಗೆ ಬರುವುದು ಇದೇ. ಹಂದಿಯ ಬೆನ್ನಿನ ಕೊಬ್ಬು ಸ್ವಲ್ಪ ಮೆತ್ತಗೆ, ದಿನಬಳಕೆಗೆ ಒಳ್ಳೆಯದು, ಇಳುವರಿಯೂ ಚೆನ್ನಾಗಿರುತ್ತದೆ. ಹೊಟ್ಟೆ ಭಾಗದ್ದು, ಮಾಂಸ ಸವರಿದಾಗ ಸಿಗುವ ಚಿಲ್ಲರೆ ತುಂಡುಗಳು, ಇವುಗಳಲ್ಲಿ ಮಾಂಸ ಬೆರೆತಿರುತ್ತದೆ. ಇವು ಬೇಗ ಕಂದಾಗುತ್ತವೆ. ನಿಮ್ಮದು ಈ ಚಿಲ್ಲರೆ ಕೊಬ್ಬೇ ಇರಬೇಕು, ಮಾಂಸದ ಜೊತೆ ಬಂದದ್ದು ಅಂದಿರಲ್ಲ. ಅದನ್ನು ಒಳಗೊಬ್ಬಿನ ಜೊತೆ ಸೇರಿಸಿ ಕಾಯಿಸಬೇಡಿ. ಬೇರೆ ಪಾತ್ರೆಯಲ್ಲಿ, ಬೇರೆ ಕೆಲಸಕ್ಕೆ ಅಂತ ಕಾಯಿಸಿ. ಇನ್ನು ಕರುಳಿನ ಮೇಲೆ ಬಲೆಯ ಹಾಗೆ ಹರಡಿರುವ ತೆಳು ಕೊಬ್ಬು ಸಿಕ್ಕರೆ ಅದನ್ನು ಕರಗಿಸುವುದು ದಂಡ. ಕೊಬ್ಬಿಲ್ಲದ ಮಾಂಸಕ್ಕೆ ಸುತ್ತಿ ಬೇಯಿಸಿ, ಅದೇ ಕರಗಿ ಮಾಂಸ ಒಣಗದ ಹಾಗೆ ಕಾಯುತ್ತದೆ.

ಕೋಳಿಯಲ್ಲಿ ಹೊಟ್ಟೆಯ ಒಳಗೆ, ಹಿಂಭಾಗದ ಹತ್ತಿರ ಹಳದಿ ಗಟ್ಟಿಗಳಿರುತ್ತವೆ. ಚರ್ಮದ ಕೆಳಗೂ ಸಾಕಷ್ಟಿರುತ್ತದೆ. ಹಳದಿ ನೋಡಿ ಅನುಮಾನ ಬೇಡ. ಅದು ಮೇವಿನ ಕ್ಯಾರೊಟಿನಾಯ್ಡ್ ಬಣ್ಣ. ಹುಲ್ಲು ಮೇದ ದನದ ಕೊಬ್ಬು ಹಳದಿಯಾಗುವುದೂ ಇದರಿಂದಲೇ. ಕುರಿ, ಮೇಕೆ ಅದೇ ಹುಲ್ಲು ಮೇದರೂ ಅವುಗಳ ಕೊಬ್ಬು ಬಿಳಿಯಾಗಿಯೇ ಇರುತ್ತದೆ.

ಹಸಿ ಕೊಬ್ಬಿಗೆ ವಾಸನೆಯೇ ಇರಬಾರದು, ಇದ್ದರೂ ಇಲ್ಲದ ಹಾಗೆ ಇರಬೇಕು. ಹಸಿಯಲ್ಲೇ ಕಮಟು ಬಂದಿದ್ದರೆ ಕಾಯಿಸಿದರೆ ಹೋಗುತ್ತದೆ ಅನ್ನುವುದು ಸುಳ್ಳು. ಕೊಬ್ಬು ಒಮ್ಮೆ ಕೆಟ್ಟರೆ ಮನೆಯ ಒಲೆಯಲ್ಲಿ ಅದನ್ನು ಸರಿಮಾಡುವ ದಾರಿ ಇಲ್ಲ. ತಂದ ಎರಡು ದಿನದಲ್ಲಿ ಕಾಯಿಸಲು ಆಗದಿದ್ದರೆ ಫ್ರೀಜರ್‌ನಲ್ಲಿಡಿ.

ಇನ್ನೊಂದು ಪರೀಕ್ಷೆ ಇದೆ, ತುಂಬ ಜನ ಇದನ್ನು ಮಾಡುವುದೇ ಇಲ್ಲ. ಇಡೀ ರಾಶಿಯನ್ನು ಪಾತ್ರೆಗೆ ಸುರಿಯುವ ಮೊದಲು ಒಂದು ಉಗುರಿನಷ್ಟು ಚೂರನ್ನು ಬಿಸಿ ಬಾಣಲೆಗೆ ಹಾಕಿ ಮೂಸಿ ನೋಡಿ. ಬೀಜ ಒಡೆಯದ ಗಂಡು ಹಂದಿಯ ಕೊಬ್ಬಿನಲ್ಲಿ ಆಂಡ್ರೊಸ್ಟೆನೋನ್, ಸ್ಕಟೋಲ್ ಅನ್ನುವ ಎರಡು ಪದಾರ್ಥ ಸೇರಿಕೊಂಡಿರುವುದುಂಟು. ತಣ್ಣಗಿದ್ದಾಗ ಗೊತ್ತಾಗುವುದಿಲ್ಲ, ಬಿಸಿಯಾದಾಗ ಮೂತ್ರದ ಹಾಗೆ, ಸಗಣಿಯ ಹಾಗೆ ನಾರುತ್ತದೆ. ಎಲ್ಲರ ಮೂಗಿಗೂ ಇದು ಸಿಗುವುದಿಲ್ಲ, ಹಾಗಾಗಿ ಮನೆಯಲ್ಲಿ ಇನ್ನೊಬ್ಬರ ಹತ್ತಿರವೂ ಮೂಸಿಸಿ. ಕುರಿ, ಮೇಕೆಯ ವಾಸನೆಯೂ ಕೊಬ್ಬಿನೊಳಗೇ ಇರುವಂಥದ್ದು. ಕೊಬ್ಬಿನಲ್ಲಿರುವ ಆಮ್ಲಗಳಲ್ಲಿ ಅಣುವಿನ ಸರಪಳಿ ಕವಲೊಡೆದಿರುವ ಕೆಲವು ಅದಕ್ಕೆ ಕಾರಣ. ವಯಸ್ಸಾದ ಪ್ರಾಣಿಯಲ್ಲಿ, ಗಂಡಿನಲ್ಲಿ ಜಾಸ್ತಿ. ನೀರು ಹಾಕಿ ಎರಡೆರಡು ಸಲ ಕುದಿಸಿ ಸೋಸಿದರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಆ ವಾಸನೆ ಇಷ್ಟ ಇಲ್ಲದವರು ಎಳೆಯ ಪ್ರಾಣಿಯ ಕೊಬ್ಬನ್ನೇ ಕೇಳಿ ತರುವುದು ಒಳ್ಳೆಯದು.

ಕತ್ತರಿಸುವ ಮೊದಲು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿಕೊಳ್ಳಿ. ಮೆತ್ತಗಿದ್ದರೆ ಚಾಕು ಜಾರುತ್ತದೆ. ರಕ್ತದ ಕಲೆ, ಗ್ರಂಥಿ, ಮಾಂಸ ಕಂಡದ್ದನ್ನೆಲ್ಲ ಸವರಿ ತೆಗೆಯಿರಿ. ಆಮೇಲೆ ಒಂದು ಸೆಂಟಿಮೀಟರ್ ಚೌಕ ಚೂರು ಮಾಡಿ. ಮಾಂಸ ಅರೆಯುವ ಯಂತ್ರ ಇದ್ದರೆ ಇನ್ನೂ ಲೇಸು. ಅರೆಯುವಾಗಲೇ ಕೋಶಗಳು ಒಡೆಯುವುದರಿಂದ ಕೊಬ್ಬು ಬೇಗ ಬಿಡುತ್ತದೆ, ಜಾಸ್ತಿಯೂ ಬಿಡುತ್ತದೆ. ಆದರೆ ಗರಿಗರಿ ಚೂರು ತಿನ್ನುವ ಆಸೆ ಇದ್ದವರು ಕೈಯಲ್ಲೇ ಕತ್ತರಿಸಬೇಕು.

ಈಗ ಒಲೆ. ನೀರು ಹಾಕದೆ ಕಾಯಿಸುವುದು ಒಂದು ಕ್ರಮ, ಕೊಬ್ಬು ಮುಳುಗುವಷ್ಟು ನೀರು ಹಾಕಿ ಕುದಿಸುವುದು ಇನ್ನೊಂದು. ಮುಳುಗಿಸಿ ಕುದಿಸಿದರೆ ಸೀಯುವ ಭಯವೇ ಇಲ್ಲ, ಕೊಬ್ಬು ಹಾಲಿನಷ್ಟು ಬೆಳ್ಳಗೆ ಬರುತ್ತದೆ. ಆರಿದ ಮೇಲೆ ಮೇಲೆ ಬಿಲ್ಲೆಯ ಹಾಗೆ ಹೆಪ್ಪುಗಟ್ಟಿ ನಿಲ್ಲುತ್ತದೆ. ಅದನ್ನೆತ್ತಿ, ತಳದಲ್ಲಿ ಅಂಟಿದ ಲೋಳೆ, ಗಸಿ ಎಲ್ಲ ಕೆರೆದು ತೆಗೆದು, ಮತ್ತೆ ಸಣ್ಣ ಉರಿಯಲ್ಲಿ ಕರಗಿಸಿ ಉಳಿದ ನೀರನ್ನು ಓಡಿಸಬೇಕು. ಈ ಕೊನೆಯ ಹೆಜ್ಜೆ ಬಿಟ್ಟವರ ಬಾಟಲಿಯೇ ಬೇಗ ಕೆಡುವುದು.

ನಾನು ಸಾಮಾನ್ಯವಾಗಿ ಹೇಳುವುದು ನಡುವಿನ ದಾರಿ. ಒಂದು ಕಿಲೋ ಕೊಬ್ಬಿಗೆ ಅರ್ಧ ಲೋಟ ನೀರು. ಮೊದಲ ಹನಿ ಕೊಬ್ಬು ಬಿಡುವ ತನಕ ತಳ ಹಿಡಿಯದಿರಲು ಅಷ್ಟು ಸಾಕು. ದಪ್ಪ ತಳದ ಪಾತ್ರೆ ಇರಲಿ. ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಮುಚ್ಚಳ ಹಾಕಬೇಡಿ, ಉರಿ ಎಷ್ಟು ಸಾಧ್ಯವೋ ಅಷ್ಟು ಸಣ್ಣದಿರಲಿ. ಉಪ್ಪು ಬೇಡ, ಅದು ಕೊಬ್ಬಿನಲ್ಲಿ ಕರಗುವುದಿಲ್ಲ, ಸುಮ್ನೆ ತಳದಲ್ಲಿ ಕೂರುತ್ತದೆ. ಓವನ್ ಇದ್ದರೆ 110ರಿಂದ 120 ಡಿಗ್ರಿಯಲ್ಲಿ ಅಗಲ ಪಾತ್ರೆಯಲ್ಲಿಟ್ಟು ಆಗಾಗ ಕೈಯಾಡಿಸಿದರೂ ಆಯಿತು.

ಇಲ್ಲಿಂದ ಮುಂದೆ ಕಣ್ಣು, ಕಿವಿ ಎರಡೂ ಪಾತ್ರೆಯ ಮೇಲಿರಲಿ. ಮೊದಮೊದಲು ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಚೂರುಗಳ ಅಂಚು ಮಾತ್ರ ಗಾಜಿನ ಹಾಗೆ ತಿಳಿಯಾಗುತ್ತಾ ಬರುತ್ತದೆ. ಆಮೇಲೆ ಮಬ್ಬು ಮಬ್ಬಾದ ದ್ರವ ಕೂಡಿಕೊಳ್ಳುತ್ತದೆ, ಚೂರುಗಳು ಅದರಲ್ಲಿ ತೇಲುತ್ತವೆ. ಗುಳ್ಳೆ ದೊಡ್ಡದಾಗಿರುತ್ತದೆ, ಬುಳುಬುಳು ಸದ್ದು ಜೋರಾಗಿರುತ್ತದೆ. ಅದು ನೀರಿನ ಸದ್ದು. ಅದು ಇರುವ ತನಕ ನೀವು ನಿಶ್ಚಿಂತೆಯಿಂದ ಇರಬಹುದು, ತಳ ಹಿಡಿಯದಂತೆ ಕೈಯಾಡಿಸಿದರೆ ಸಾಕು. ಒಂದು ಹಂತದಲ್ಲಿ ಗುಳ್ಳೆ ಸಣ್ಣದಾಗುತ್ತದೆ, ಸದ್ದು ತಗ್ಗುತ್ತದೆ. ಮಬ್ಬು ಕರಗಿ ದ್ರವ ತಿಳಿಯಾಗುತ್ತದೆ, ಪಾತ್ರೆಯ ತಳ ಕಾಣಿಸುತ್ತದೆ. ಚೂರುಗಳು ಅರ್ಧದಷ್ಟು ಕುಗ್ಗಿ, ಒಣಹುಲ್ಲಿನ ಬಣ್ಣಕ್ಕೆ ಬಂದು, ಒಂದೊಂದಾಗಿ ಕೆಳಗೆ ಇಳಿಯುತ್ತವೆ. ಬೆಳ್ಳಗಿನ ಕೊಬ್ಬಿಗೆ ಇದೇ ಹದ. ಥರ್ಮಾಮೀಟರ್ ಇದ್ದವರು 110 ದಾಟುವುದನ್ನು ನೋಡಿ ಎಚ್ಚರವಾಗಿ, 120ಕ್ಕೆ ನಿಲ್ಲಿಸಿ. ಇಲ್ಲದವರಿಗೆ ಒಂದು ಸುಲಭದ ಉಪಾಯ ಇದೆ. ತಣ್ಣಗಿನ, ಚೆನ್ನಾಗಿ ಒರೆಸಿದ ಸ್ಟೀಲ್ ತಟ್ಟೆಯನ್ನು ಪಾತ್ರೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಕೆಲವು ಸೆಕೆಂಡು ಹಿಡಿಯಿರಿ. ತಟ್ಟೆಗೆ ಮಂಜು ಕಟ್ಟಿದರೆ ನೀರು ಇನ್ನೂ ಇದೆ. ಕಟ್ಟದಿದ್ದರೆ ಮುಗಿದಿದೆ. ತಟ್ಟೆಯ ಮೇಲಿನ ಹನಿ ಪಾತ್ರೆಗೆ ಬೀಳದ ಹಾಗೆ ಪಕ್ಕಕ್ಕೆ ತೆಗೆಯಿರಿ.

ಈ ಹದದಲ್ಲಿ ಮುಕ್ಕಾಲು ಭಾಗವನ್ನು ಸೋಸಿಕೊಂಡು ಬಿಡಿ. ಉಳಿದದ್ದನ್ನು ಚೂರುಗಳ ಜೊತೆಗೇ ಮತ್ತೆ ಒಲೆಗಿಟ್ಟು ಹೊಂಬಣ್ಣ ಬರುವ ತನಕ ಕಾಯಿಸಿ. ಹೀಗೆ ಮಾಡಿದರೆ ಒಂದೇ ಪಾತ್ರೆಯಿಂದ ಎರಡು ಬಗೆಯ ಕೊಬ್ಬು ಸಿಗುತ್ತದೆ. ಮೊದಲನೆಯದು ಹಿಟ್ಟಿಗೆ, ಎರಡನೆಯದು ಖಾರದ ಅಡುಗೆಗೆ. ಬಣ್ಣದ ವಿಷಯದಲ್ಲಿ ನಿಮಗಿರುವ ಬೇಸರ ಇದೊಂದರಿಂದಲೇ ಕಳೆಯುತ್ತದೆ ಅಂತ ನನ್ನ ನಂಬಿಕೆ. ಒಳ್ಳೆಯ ಒಳಗೊಬ್ಬಾದರೆ ಕಿಲೋಗೆ 700 ಗ್ರಾಂ ಮೇಲೆ ಸಿಗುತ್ತದೆ. ಕೋಳಿ ಚರ್ಮದ್ದಾದರೆ ಅದರ ಅರ್ಧ ಸಿಕ್ಕರೂ ಸಮಾಧಾನ ಪಡಿ.

ಬೆಂಕಿಯ ವಿಷಯದಲ್ಲಿ ಸಡಿಲ ಬಿಡಬೇಡಿ. ಒಲೆ ಬಿಟ್ಟು ಬೇರೆ ಕೋಣೆಗೆ ಹೋಗಬಾರದು. ಒದ್ದೆ ಸಟ್ಟುಗ, ಒದ್ದೆ ಕೈ ಹತ್ತಿರ ತರಬಾರದು. ಪಾತ್ರೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಿ, ಪಾತ್ರೆಯನ್ನು ಅಲ್ಲಾಡಿಸದೆ ಬಿಡಿ. ನೀರು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ನೀರು ಕೊಬ್ಬಿಗಿಂತ ಭಾರ, ತಳಕ್ಕಿಳಿಯುತ್ತದೆ. ಅಲ್ಲಿ ಒಮ್ಮೆಗೇ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯುವ ಕೊಬ್ಬನ್ನು ಸೂರಿನ ತನಕ ಎರಚುತ್ತದೆ.

ಸೋಸುವ ಮೊದಲು 70–80 ಡಿಗ್ರಿಗೆ ಇಳಿಯಲಿ. ಮೊದಲು ಜರಡಿ, ಆಮೇಲೆ ಮಡಚಿದ ಒಣ ಹತ್ತಿ ಬಟ್ಟೆ. ಬೆಳ್ಳಗಿನ ಕೊಬ್ಬು ಬೇಕಿದ್ದರೆ ಬಟ್ಟೆ ಹಿಂಡಬೇಡಿ, ಹಿಂಡಿದರೆ ಗಸಿಯೂ ಇಳಿಯುತ್ತದೆ. ತಳದಲ್ಲಿ ಉಳಿಯುವ ಕೊನೆಯ ಎರಡು ಚಮಚ ಮಬ್ಬು ದ್ರವವನ್ನು ಬಾಟಲಿಗೆ ಸೇರಿಸುವ ಆಸೆ ಬಿಡಿ. ನೀರು, ಗಸಿ ಎಲ್ಲಾ ಅಲ್ಲೇ ಇರುತ್ತದೆ. ಅದನ್ನು ಅವತ್ತಿನ ಅಡುಗೆಗೇ ಬಳಸಿ. ಬಾಟಲಿಯಲ್ಲಿ ಒಂದು ಹನಿ ತೇವವೂ ಇರಬಾರದು. ಗಾಜು ಸ್ವಲ್ಪ ಬೆಚ್ಚಗಿದ್ದರೆ ಬಿಸಿ ತಾಗಿ ಸೀಳುವುದಿಲ್ಲ. ತಾಮ್ರದ ಪಾತ್ರೆಯಲ್ಲಿ, ಕಬ್ಬಿಣದ ಡಬ್ಬಿಯಲ್ಲಿ ಇಡಬೇಡಿ. ಈ ಎರಡು ಲೋಹಗಳೂ ಕೊಬ್ಬು ಗಾಳಿಯ ಜೊತೆ ಸೇರಿ ಕೆಡುವುದನ್ನು ಚುರುಕು ಮಾಡುತ್ತವೆ.

ಆರಿದ ಕೊಬ್ಬು ಮರಳು ಮರಳಾದರೆ ಗಾಬರಿ ಬೇಡ. ನಿಧಾನವಾಗಿ ಆರಿದರೆ ದೊಡ್ಡ ಹರಳುಗಳು ಕಟ್ಟುತ್ತವೆ, ಹಂದಿ ಕೊಬ್ಬಿನ ಅಣುಗಳ ಜೋಡಣೆಯೇ ಹಾಗಿದೆ. ರುಚಿಗೆ ಏನೂ ಕೊರತೆ ಇಲ್ಲ. ನುಣುಪಾಗಿ ಬೇಕಾದರೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ನೀರು ಒಳಗೆ ಸಿಡಿಯದ ಹಾಗೆ, ಬೆಳ್ಳಗಾಗುವ ತನಕ ಕೈಯಾಡಿಸಿ. ಬೇಗ ತಣ್ಣಗಾದಷ್ಟೂ ಹರಳು ಸಣ್ಣದಾಗುತ್ತದೆ.

ಇನ್ನು ಬಾಳಿಕೆ. ಪ್ರಾಣಿ ಕೊಬ್ಬು ಗಟ್ಟಿಯಾಗಿರುತ್ತದೆ, ಆದ್ದರಿಂದ ಕೆಡುವುದಿಲ್ಲ ಅಂತ ಒಂದು ನಂಬಿಕೆ ಇದೆ. ಇದು ಅರ್ಧ ಸತ್ಯ. ಗಿಡದ ಎಣ್ಣೆಗಳಲ್ಲಿ ವಿಟಮಿನ್ ಇ ಸಾಕಷ್ಟಿದ್ದು ಗಾಳಿಯ ಆಕ್ಸಿಜನ್‌ನಿಂದ ಕಾಪಾಡುತ್ತದೆ. ಹಂದಿ ಕೊಬ್ಬಿನಲ್ಲಿ ಅದು ತೀರಾ ಕಡಿಮೆ. ಬೆಳಕು, ಬಿಸಿ, ಗಾಳಿ ತಾಗುವ ಕಡೆ ಇಟ್ಟರೆ ಬೇಗ ಕಮಟುತ್ತದೆ. ಕೋಳಿ ಕೊಬ್ಬು ಇನ್ನೂ ಬೇಗ. ತೇವ ಉಳಿದಿದ್ದರೆ ಕೊಬ್ಬು ಒಡೆದು ಆಮ್ಲಗಳು ಬಿಡಿಯಾಗಿ ಇನ್ನೊಂದು ದಾರಿಯಲ್ಲೂ ಕೆಡುತ್ತದೆ. ಸರಿಯಾಗಿ ನೀರು ಹೋದ ಕೊಬ್ಬು, ಮುಚ್ಚಿದ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ ಕೆಲವು ತಿಂಗಳು, ಫ್ರೀಜರ್‌ನಲ್ಲಿ ಒಂದು ವರ್ಷ ಚೆನ್ನಾಗಿರುತ್ತದೆ. ದೊಡ್ಡ ಡಬ್ಬಿಗಿಂತ ಸಣ್ಣ ಸಣ್ಣ ಬಾಟಲಿ ಮೇಲು. ಒಂದು ತೆರೆದರೆ ಉಳಿದವುಗಳಿಗೆ ಗಾಳಿ ತಾಗುವುದಿಲ್ಲ. ಚಮಚ ಯಾವಾಗಲೂ ಒಣಗಿರಲಿ. ಕಮಟು ಹಿಡಿದ ನಿಮ್ಮ ಆ ಬಾಟಲಿಯನ್ನು ಮತ್ತೆ ಕಾಯಿಸಿ ಉಳಿಸಲು ಹೋಗಬೇಡಿ, ಎಸೆದುಬಿಡಿ. ಎಸೆಯುವಾಗ ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೆ ಹೆಪ್ಪುಗಟ್ಟಿ ಕೂರುತ್ತದೆ. ಗಟ್ಟಿಯಾದ ಮೇಲೆ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ.

ಬೆಳ್ಳುಳ್ಳಿ, ಈರುಳ್ಳಿ, ಹಸಿ ಸೊಪ್ಪು ಹಾಕಿ ಘಮಘಮ ಮಾಡಿದ ಕೊಬ್ಬನ್ನು ಹೊರಗಿಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಶುದ್ಧ ಕೊಬ್ಬಿನಲ್ಲಿ ನೀರಿಲ್ಲ, ಆದ್ದರಿಂದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಆದರೆ ಬೆಳ್ಳುಳ್ಳಿಯ ಎಸಳಲ್ಲಿ ನೀರಿದೆ. ಅದರ ಮೇಲೆ ಮಣ್ಣಿನಿಂದ ಬಂದ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಬೀಜಕಣ ಇರಬಹುದು. ಕೊಬ್ಬಿನ ಅಡಿಯಲ್ಲಿ ಗಾಳಿ ಇಲ್ಲ. ಈ ಬ್ಯಾಕ್ಟೀರಿಯಾಕ್ಕೆ ಬೇಕಾಗಿರುವುದೂ ಅದೇ. ಬೀಜಕಣ 100 ಡಿಗ್ರಿ ಕುದಿತಕ್ಕೆ ಸಾಯುವುದಿಲ್ಲ. ಅದು ಮೊಳೆತು ಬಿಡುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನರಗಳನ್ನು ಕಟ್ಟಿಹಾಕಿ ಜೀವ ತೆಗೆಯಬಲ್ಲದು. ಹಾಗಾಗಿ ಇಂಥ ಕೊಬ್ಬು ಫ್ರಿಜ್‌ನಲ್ಲೇ ಇರಲಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ. ಬೇಯಿಸಿದ ಮಾಂಸವನ್ನು ಕೊಬ್ಬಿನಲ್ಲಿ ಮುಳುಗಿಸಿ ಇಡುವುದಕ್ಕೂ ಫ್ರಿಜ್ ಬೇಕೇ ಬೇಕು.

ಈಗ ನಿಮ್ಮ ಕುರಿ ಕೊಬ್ಬಿಗೆ ಬರುತ್ತೇನೆ. ಅದು ಬಾಯಿಗೆ ಮೆತ್ತಿಕೊಳ್ಳುವುದು ಯಾಕೆ ಅಂದರೆ, ಕುರಿ ಕೊಬ್ಬು ಕರಗುವುದೇ ಸುಮಾರು 44ರಿಂದ 50 ಡಿಗ್ರಿಯಲ್ಲಿ. ನಮ್ಮ ಬಾಯಿಯ ಬಿಸಿ 37 ಡಿಗ್ರಿ. ಅಡುಗೆ ಸ್ವಲ್ಪ ಆರಿದರೂ ಕೊಬ್ಬು ನಾಲಿಗೆ, ಅಂಗುಳಿನ ಮೇಲೆ ಹೆಪ್ಪುಗಟ್ಟುತ್ತದೆ. ಇದರಲ್ಲಿ ಸ್ಟಿಯರಿಕ್ ಆಮ್ಲ ಜಾಸ್ತಿ, ಒಂಟಿಯಾಗಿ ಅದು ಕರಗಲು ಸುಮಾರು 69 ಡಿಗ್ರಿ ಬೇಕು. ಪ್ರಾಣಿ ಕೊಬ್ಬು ಒಂದೇ ವಸ್ತುವಲ್ಲ, ಬೇರೆ ಬೇರೆ ಆಮ್ಲಗಳು ಸೇರಿ ಆದದ್ದು ಅಂತ ತೋರಿಸಿಕೊಟ್ಟವರು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಯುಜೀನ್ ಶೆವ್ರಲ್. 1823ರಲ್ಲಿ ಅವರು ತಮ್ಮ ಆ ಕೆಲಸವನ್ನೆಲ್ಲಾ ಒಟ್ಟಾಗಿ ಪ್ರಕಟಿಸಿದರು. ಇವತ್ತಿಗೂ ಕೊಬ್ಬು ಯಾಕೆ ಹೀಗೆ ನಡೆದುಕೊಳ್ಳುತ್ತದೆ ಅಂತ ಯೋಚಿಸುವಾಗ ನಾವು ಅವರ ದಾರಿಯಲ್ಲೇ ನಡೆಯುತ್ತೇವೆ.

ಪರಿಹಾರ ಸುಲಭ. ಕುರಿ ಕೊಬ್ಬಿನ ಅಡುಗೆಯನ್ನು ಹಬೆಯಾಡುವಾಗಲೇ ಬಡಿಸಿ, ತಟ್ಟೆಯನ್ನೂ ಬೆಚ್ಚಗೆ ಮಾಡಿ. ಆರಿಸಿ ತಿನ್ನುವ ಅಡುಗೆಗೆ ಬಳಸಬೇಡಿ. ಒಂದು ಪಾಲು ಕುರಿ ಕೊಬ್ಬಿಗೆ ಎರಡು ಪಾಲು ಅಡುಗೆ ಎಣ್ಣೆಯನ್ನೋ ಕೋಳಿ ಕೊಬ್ಬನ್ನೋ ಬೆರೆಸಿದರೆ ಮೇಣದ ಗುಣ ಬಹಳ ತಗ್ಗುತ್ತದೆ, ಪರಿಮಳ ಉಳಿಯುತ್ತದೆ. ಊಟದಲ್ಲಿ ಹುಳಿ ಇದ್ದರೆ ನಾಲಿಗೆಗೂ ಹಗುರ. ಅದೇ ಗಟ್ಟಿ ಗುಣ ಕರಿಯುವುದಕ್ಕೆ ವರ. ಕುರಿ, ದನದ ಕೊಬ್ಬಿನಲ್ಲಿ ಕರಿದದ್ದರ ಹೊರಮೈ ಒಳ್ಳೆಯ ಗರಿ ಬರುತ್ತದೆ, ಬಿಸಿಯಲ್ಲಿ ತಿಂದರೆ ಜಿಡ್ಡು ಅನ್ನಿಸುವುದಿಲ್ಲ.

ಹಂದಿ ಕೊಬ್ಬು ಕರಗುವುದು ಬಾಯಿಯ ಬಿಸಿಗೆ ಹತ್ತಿರದಲ್ಲಿ, ಯಾವ ಭಾಗದ್ದು ಅನ್ನುವುದರ ಮೇಲೆ 30ರಿಂದ 45 ಡಿಗ್ರಿಯೊಳಗೆ. ಪದರ ಪದರವಾಗಿ ಬರಬೇಕಾದ ಹಿಟ್ಟಿಗೆ ಇದರಷ್ಟು ಒಳ್ಳೆಯದು ನನಗೆ ಗೊತ್ತಿಲ್ಲ. ತಣ್ಣಗಿನ ಕೊಬ್ಬನ್ನು ಬಟಾಣಿಯಷ್ಟು ಚೂರು ಮಾಡಿ ಹಿಟ್ಟಿನಲ್ಲಿ ಸೇರಿಸಬೇಕು, ಕೈ ಬಿಸಿಗೆ ಕರಗಲು ಬಿಡಬಾರದು. ಬೇಯುವಾಗ ಆ ಚೂರುಗಳು ಕರಗಿದ ಜಾಗವೇ ಪದರವಾಗುತ್ತದೆ. ಬೆಣ್ಣೆಯ ಬದಲು ಹಾಕುವುದಾದರೆ ಅಳತೆ ತಗ್ಗಿಸಿ. ಬೆಣ್ಣೆಯಲ್ಲಿ ಕೊಬ್ಬು ಶೇ. 80ರ ಸುಮಾರು, ಉಳಿದದ್ದು ಹೆಚ್ಚಾಗಿ ನೀರು. ಅಂದರೆ 100 ಗ್ರಾಂ ಬೆಣ್ಣೆಗೆ 80 ಗ್ರಾಂ ಹಂದಿ ಕೊಬ್ಬು, ಮೇಲೆ ಒಂದು ದೊಡ್ಡ ಚಮಚ ನೀರು. ಕೋಳಿ ಕೊಬ್ಬು ಹೊರಗಿಟ್ಟರೂ ಅರೆ ದ್ರವವಾಗಿಯೇ ಇರುತ್ತದೆ. ಈರುಳ್ಳಿ ಬಾಡಿಸಲು, ಮೊಟ್ಟೆಗೆ, ಸೊಪ್ಪಿಗೆ ಹೇಳಿ ಮಾಡಿಸಿದ್ದು. ಬಾತುಕೋಳಿ ಕೊಬ್ಬು ಸಿಕ್ಕರೆ ಆಲೂಗಡ್ಡೆಗೆ ಎತ್ತಿಡಿ. ಆಲೂಗಡ್ಡೆಯನ್ನು ಅರ್ಧ ಬೇಯಿಸಿ, ಪಾತ್ರೆಯಲ್ಲಿ ಕುಲುಕಿ ಅಂಚು ತರಿತರಿ ಮಾಡಿ, ಬಿಸಿ ಕೊಬ್ಬಿನಲ್ಲಿ ಹೊರಳಿಸಿ 200 ಡಿಗ್ರಿ ಓವನ್‌ನಲ್ಲಿ ಹುರಿಯಿರಿ.

ಕರಿಯುವಾಗ 170–180 ಡಿಗ್ರಿ ದಾಟಿಸಬೇಡಿ. ಹಂದಿ ಕೊಬ್ಬು ಹೊಗೆಯಾಡುವುದು 190 ಡಿಗ್ರಿ ಆಸುಪಾಸಿನಲ್ಲಿ. ಗಸಿ ಉಳಿದಿದ್ದರೆ, ಹಿಂದೆ ಬಳಸಿದ್ದಾದರೆ ಇನ್ನೂ ಬೇಗ. ಪ್ರತಿ ಸಲ ಸೋಸಿ ಇಡಿ. ನೊರೆ ನಿಲ್ಲದೆ ಏರಿದರೆ, ಬೇಗ ಹೊಗೆ ಬಂದರೆ, ಘಾಟು ಹೊಡೆದರೆ ಅದರ ಆಯುಸ್ಸು ಮುಗಿಯಿತು.

ದಿನಾ ಬಳಸಬಹುದೇ ಅಂತ ಕೇಳಿದ್ದೀರಿ. ಸ್ವಲ್ಪ ಲೆಕ್ಕ ನೋಡೋಣ. 100 ಗ್ರಾಂ ಹಂದಿ ಕೊಬ್ಬಿನಲ್ಲಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಸುಲಭವಾಗಿ ಹೆಪ್ಪುಗಟ್ಟುವ ಬಗೆಯದು, 39 ಗ್ರಾಂ ಸುಮಾರು. ಸುಮಾರು 45 ಗ್ರಾಂ ಏಕ ಅಪರ್ಯಾಪ್ತ (ಮೊನೊ ಅನ್‌ಸ್ಯಾಚುರೇಟೆಡ್), ಅದರಲ್ಲಿ ಬಹುಪಾಲು ಆಲಿವ್ ಎಣ್ಣೆಯಲ್ಲಿರುವ ಓಲೆಯಿಕ್ ಆಮ್ಲವೇ. ಕೋಳಿಯಲ್ಲಿ ಸ್ಯಾಚುರೇಟೆಡ್ 30 ಗ್ರಾಂ, ಕುರಿಯಲ್ಲಿ 47, ದನದಲ್ಲಿ 50 ಹತ್ತಿರ. ತುಪ್ಪದಲ್ಲಿ 60 ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, ದಿನದ ಒಟ್ಟು ಶಕ್ತಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಶೇ. 10 ಮೀರಬಾರದು ಅಂತ. 2,000 ಕ್ಯಾಲೊರಿ ಊಟಕ್ಕೆ ಅದು 22 ಗ್ರಾಂ. ಒಂದು ದೊಡ್ಡ ಚಮಚ ಹಂದಿ ಕೊಬ್ಬಿನಲ್ಲಿ 5 ಗ್ರಾಂ ಹೋಗುತ್ತದೆ, ಕುರಿಯದ್ದಾದರೆ 6. ಉಳಿದ ಪಾಲು ಹಾಲು, ಮೊಸರು, ಮಾಂಸ, ಬೇಕರಿ ತಿಂಡಿಯಿಂದ ಹೇಗೂ ತುಂಬಿಕೊಳ್ಳುತ್ತದೆ ಅಲ್ವಾ? ಸ್ಯಾಚುರೇಟೆಡ್ ಕೊಬ್ಬಿನ ಜಾಗಕ್ಕೆ ಬಹು ಅಪರ್ಯಾಪ್ತ (ಪಾಲಿ ಅನ್‌ಸ್ಯಾಚುರೇಟೆಡ್) ಕೊಬ್ಬಿನ ಎಣ್ಣೆ ಬಂದರೆ ಎಲ್‌ಡಿಎಲ್, ಅಂದರೆ ರಕ್ತದಲ್ಲಿನ ‘ಕೆಟ್ಟ’ ಕೊಲೆಸ್ಟರಾಲ್ ಇಳಿಯುತ್ತದೆ ಅನ್ನುವುದು ಚೆನ್ನಾಗಿ ಸಾಬೀತಾದ ವಿಷಯ. ಹಾಗಾಗಿ ನನ್ನ ಸಲಹೆ: ದಿನದ ಅಡುಗೆಗೆ ಎಣ್ಣೆಯೇ ಇರಲಿ, ಪ್ರಾಣಿ ಕೊಬ್ಬು ರುಚಿ ಬೇಕಾದ ಕಡೆ ಚಮಚದ ಲೆಕ್ಕದಲ್ಲಿ ಬರಲಿ. ಎಲ್‌ಡಿಎಲ್ ಜಾಸ್ತಿ ಇರುವವರು, ಹೃದಯದ, ಪಿತ್ತಕೋಶದ, ಮೇದೋಜೀರಕ ಗ್ರಂಥಿಯ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ.

ಪ್ರಾಣಿ ಕೊಬ್ಬೇ ಔಷಧಿ, ಎಣ್ಣೆಯೇ ವಿಷ ಅನ್ನುವ ಮಾತು ಈಗ ಜೋರಾಗಿ ಓಡಾಡುತ್ತಿದೆ. ಅದಕ್ಕೊಂದು ಹಿನ್ನೆಲೆ ಇದೆ. 1911ರಲ್ಲಿ ಅಮೆರಿಕದಲ್ಲಿ ಕ್ರಿಸ್ಕೊ ಬಂತು. ಹತ್ತಿಬೀಜದ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ ಕೊಬ್ಬು ಅದು. ಅಂಥವು ಹಂದಿ ಕೊಬ್ಬನ್ನು ಎಷ್ಟೋ ಅಡುಗೆಮನೆಗಳಿಂದ ಹೊರಗೆ ಹಾಕಿದವು. ಅರ್ಧಂಬರ್ಧ ಹೈಡ್ರೋಜನ್ ಸೇರಿದ ಕೊಬ್ಬಿನಲ್ಲಿ ಟ್ರಾನ್ಸ್ ಕೊಬ್ಬು ಇರುತ್ತದೆ, ಅದು ಹೃದಯಕ್ಕೆ ಇನ್ನೂ ಕೆಟ್ಟದ್ದು ಅಂತ ಆಮೇಲೆ ಗೊತ್ತಾಯಿತು. ಅವು ಸುರಕ್ಷಿತ ಅನ್ನಲಾಗದು ಅಂತ 2015ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತೀರ್ಮಾನಿಸಿತು. ಟ್ರಾನ್ಸ್ ಕೊಬ್ಬಿಗೆ ಹೋಲಿಸಿದರೆ ಹಂದಿ ಕೊಬ್ಬು ಒಳ್ಳೆಯದೇ, ಅನುಮಾನವಿಲ್ಲ. ಆದರೆ ಅಷ್ಟಕ್ಕೇ ದ್ರವ ಎಣ್ಣೆಗಿಂತಲೂ ಮೇಲು ಅಂತ ಹೇಳಲು ಬರುವುದಿಲ್ಲ. ವಿಟಮಿನ್ ಡಿ ಸಿಗುತ್ತದೆ ಅನ್ನುವ ಮಾತನ್ನೂ ನೆಚ್ಚಿಕೊಳ್ಳಬೇಡಿ. ಹಂದಿ ಬಿಸಿಲಲ್ಲಿ ಓಡಾಡಿತೇ, ಏನು ತಿಂದಿತು ಅನ್ನುವುದರ ಮೇಲೆ ಅದು ನಿಂತಿದೆ.

ಕೊನೆಯದಾಗಿ ಉಳಿದ ಚೂರುಗಳು. ಅವನ್ನು ಬಿಸಿ ಇರುವಾಗಲೇ ಜರಡಿಯಲ್ಲಿ ಒತ್ತಿ ಕೊಬ್ಬು ಬಸಿಯಿರಿ, ತಕ್ಷಣ ಉಪ್ಪು ಉದುರಿಸಿ. ಆರಿದ ಮೇಲೆ ಉಪ್ಪು ಅಂಟುವುದಿಲ್ಲ. ಹೊಂಬಣ್ಣದವು ಹಾಗೇ ತಿನ್ನಲು ಗರಿಗರಿ. ಬೆಳ್ಳಗಿನ ಕೊಬ್ಬು ಸೋಸಿದಾಗ ಸಿಗುವ ಮೆತ್ತನೆಯವನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಹುರಿಯಬೇಕು. ಕಪ್ಪಾದವು ಕಹಿ, ಆರಿಸಿ ಎಸೆಯಿರಿ. ಅರೆದ ಕೊಬ್ಬಿನದು ಪುಡಿಯ ಹಾಗೆ ಬರುತ್ತದೆ, ಅದನ್ನು ಹಿಟ್ಟಿಗೆ ಸೇರಿಸಿ, ಇಲ್ಲವೇ ಬೇಯಿಸಿದ ಕಾಳು, ಸೊಪ್ಪಿನ ಮೇಲೆ ಉದುರಿಸಿ. ಸಾಕಷ್ಟು ಕೊಬ್ಬು, ಉಪ್ಪು ಎರಡೂ ಇರುವುದರಿಂದ ಒಂದು ಹಿಡಿ ನಾಲ್ಕು ಜನರ ಊಟಕ್ಕೆ ಸಾಕು. ಚೂರುಗಳ ಮೈತುಂಬ ಗಾಳಿ ತಾಗುವುದರಿಂದ ಇವು ಬಾಟಲಿಯ ಕೊಬ್ಬಿಗಿಂತ ಎಷ್ಟೋ ಬೇಗ ಕಮಟುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ. ಮೆತ್ತಗಾಗಿದ್ದರೆ ತಿನ್ನುವ ಮೊದಲು ಒಣ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ, ಗರಿ ಮತ್ತೆ ಬರುತ್ತದೆ.